ಮಹಡಿಯವರು

ಫೆಬ್ರವರಿ 6

ಅತ್ತಿಗೆಗೆ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದ್ದೇನೆ. ಹಡಗಿನಲ್ಲಿ ಹೊಟ್ಟೆ ತೊಳಸಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಅಮ್ಮನಿಗೆ ಮೊದಲ ವಾಕ್ಯ ಮಾತ್ರ ಓದಿ ಹೇಳಿ.

ಅಣ್ಣ ಇದ್ದ ವಸತಿಗೃಹದಲ್ಲೇ ಕೋಣೆ ಹಿಡಿದಿದ್ದೇನೆ. ಕಿರಿದಾದ ನಾಲ್ಕಂತಸ್ತಿನ ಕಟ್ಟಡ, ಮೆಟ್ಟಿಲ ಮೇಲೆ ಸವೆದುಹೋದ ಹಾಸು, ಅಂತಸ್ತಿಗೊಂದು ಮಂಕು ಬಲ್ಬು. ಒಡತಿ ದಪ್ಪ ಕನ್ನಡಕದ ಹೆಂಗಸು. ಅಣ್ಣನ ಫೋಟೋ ಕೊಟ್ಟರೆ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಒಳ್ಳೆಯ ಮನುಷ್ಯ, ತನ್ನ ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಹಾಕಿಕೊಟ್ಟ, ಆಮೇಲೆ ಒಂದು ದಿನ ಹೇಳದೆ ಕೇಳದೆ ಹೊರಟುಹೋದ ಎಂದಳು. ಎಲ್ಲಿಗೆ ಎಂದು ಕೇಳಿದರೆ ಭುಜ ಹಾರಿಸಿದಳು. ಅಣ್ಣ ತರಬೇತಿಗೆ ಬಂದಿದ್ದ ಕಾರ್ಖಾನೆಯವರೂ ನಮಗೆ ಬರೆದಿದ್ದನ್ನೇ ಒಪ್ಪಿಸಿದರು. ಹೊಸ ಯಂತ್ರಗಳ ತರಬೇತಿ ಮುಗಿಸಿದನಂತೆ, ಎಲ್ಲರ ಕೈಕುಲುಕಿ ಹೋದನಂತೆ.

ನಮ್ಮ ಎಕ್ಸ್‌ಚೇಂಜಿನಲ್ಲಿ ಕೂತು ಇಷ್ಟು ವರ್ಷ ಈ ದೇಶದ ಕರೆಗಳನ್ನು ಜೋಡಿಸುತ್ತ ಕಲಿತ ಭಾಷೆ ಅರ್ಧಂಬರ್ಧ ಉಪಯೋಗಕ್ಕೆ ಬರುತ್ತಿದೆ. ‘ದಯವಿಟ್ಟು ಕಾಯಿರಿ’, ‘ಸಂಪರ್ಕ ಸಿಗುತ್ತಿಲ್ಲ’ ಎಂದು ಸಲೀಸಾಗಿ ಹೇಳುತ್ತೇನೆ. ‘ನನ್ನ ಅಣ್ಣ ಎಲ್ಲಿ’ ಎನ್ನುವಾಗ ತಡವರಿಸುತ್ತೇನೆ.

ಪೊಲೀಸರು ಹೇಳಿದ್ದು ಮಾತ್ರ ನನಗೆ ಅರಗುತ್ತಿಲ್ಲ. ಅವರ ಪ್ರಕಾರ ಅಣ್ಣನ ಪಾಸ್‌ಪೋರ್ಟಿಗೆ ನವೆಂಬರ್ ಕೊನೆಯಲ್ಲೇ ಮುದ್ರೆ ಬಿದ್ದಿದೆ, ಆ ಪಾಸ್‌ಪೋರ್ಟಿನ ಮನುಷ್ಯ ಹಡಗು ಹತ್ತಿದ್ದಾನೆ. ನಿಮ್ಮ ಅಣ್ಣ ನಿಮ್ಮ ದೇಶದಲ್ಲೇ ಇರಬೇಕು, ಅಲ್ಲಿ ಹುಡುಕಿಕೊಳ್ಳಿ ಎಂದು ಬಾಗಿಲು ತೋರಿಸಿದರು. ಅತ್ತಿಗೆ, ನಮ್ಮ ಬಂದರಿನ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸುತ್ತೀರಾ?

ನಿಮ್ಮ ಪುಟ್ಟಿ

ಫೆಬ್ರವರಿ 19

ಪ್ರೀತಿಯ ಪುಟ್ಟಿ,

ಬಂದರಿನ ಕಚೇರಿಗೆ ಹೋಗಿ ಬಂದೆ. ಮೂರು ಕಿಟಕಿ ಸುತ್ತಿಸಿದರು. ಕೊನೆಯ ಕಿಟಕಿಯವನು ತಲೆ ಎತ್ತದೆಯೇ, ಹೌದು, ನಿಮ್ಮ ಯಜಮಾನರು ಡಿಸೆಂಬರ್‌ನಲ್ಲೇ ಇಳಿದಿದ್ದಾರಲ್ಲ ಎಂದ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದ. ಆ ನೋಟ ನನಗೆ ಅರ್ಥವಾಯಿತು. ಗಂಡ ಬಂದಿದ್ದಾನೆ, ಮನೆಗೆ ಬಂದಿಲ್ಲ ಎನ್ನುವ ಹೆಂಗಸನ್ನು ಜನ ಹೇಗೆ ನೋಡುತ್ತಾರೋ ಹಾಗೆ ನೋಡಿದ.

ನೀನು ವಾಪಸು ಬಂದುಬಿಡು. ನಿಮ್ಮಣ್ಣ ಇದೇ ನೆಲದ ಮೇಲೆ ಎಲ್ಲೋ ಇದ್ದಾರೆ. ಮನೆ ಬೇಡವಾದವರನ್ನು ಹುಡುಕುತ್ತ ನೀನು ಯಾಕೆ ಪರದೇಶದಲ್ಲಿ ಅಲೆಯಬೇಕು? ಶಾಲೆಯ ಸಮವಸ್ತ್ರದ ಹೊಲಿಗೆ ಮೇಜಿನ ತುಂಬ ಬಿದ್ದಿದೆ. ಕೈಗೆ ಕೆಲಸವಿದೆ, ಅಷ್ಟು ಸಾಕು.

ಅಮ್ಮನಿಗೆ ಮಂಡಿನೋವು ಹಾಗೇ ಇದೆ. ನೀನು ಹೊರಟ ವಾರದಲ್ಲೇ ಮಹಡಿಯ ಕೋಣೆಗೆ ಒಬ್ಬರು ಬಾಡಿಗೆಗೆ ಬಂದರು. ಬೋರ್ಡು ನೋಡಿ ಬಂದೆ ಎಂದರು. ಒಂಟಿ ಮನುಷ್ಯ, ಮಾತು ಕಡಿಮೆ, ಇಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಕಡೆ ಕೆಲಸ. ಸಂಜೆ ಅಮ್ಮನ ಕೈಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಅಮ್ಮ “ಬಂದ್ನಾ?” ಅಂತಾರೆ. ನಾನು “ಇಲ್ಲ ಅಮ್ಮ, ಮಹಡಿಯವರು” ಅಂತೀನಿ. ಈಚೆಗೆ ಅವರ ಹೆಸರೇ ಮಹಡಿಯವರು ಎಂದಾಗಿಬಿಟ್ಟಿದೆ.

ನಿನ್ನ ಅತ್ತಿಗೆ

ಮಾರ್ಚ್ 1

ಅತ್ತಿಗೆ,

ನಾನು ಬರುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ಅಣ್ಣ ಸುಳ್ಳು ಹೇಳಲಾರದವನು ಎಂದು ನಾನು ವಾದಿಸುವುದಿಲ್ಲ. ಚಿಕ್ಕಂದಿನಲ್ಲಿ ನನ್ನ ಪಾಲಿನ ಮಿಠಾಯಿಯನ್ನು ಇಲಿ ತಿಂದಿತು ಎಂದವನು ಅವನು. ಆದರೆ ಊರಿಗೆ ಬಂದು ನಿಮ್ಮ ಹೊಲಿಗೆ ಅಂಗಡಿಯ ಮುಂದೆ ಹಾಯದೆ ಇರಲು ಅವನಿಂದ ಆಗುವುದಿಲ್ಲ. ನಿಮ್ಮ ಹಳೆಯ ಯಂತ್ರದ ಸದ್ದು ಕೇಳಿದರೆ ಎಲ್ಲೋ ತಿರುಪು ಸಡಿಲಾಗಿದೆ ಎಂದುಕೊಂಡು ಒಳಗೆ ಬಂದೇಬಿಡುತ್ತಿದ್ದ. ನಿಮ್ಮ ಮದುವೆ ಆದದ್ದೂ ಹಾಗೇ ಅಲ್ಲವೇ, ಕೆಡದ ಯಂತ್ರವನ್ನು ಪದೇ ಪದೇ ರಿಪೇರಿ ಮಾಡಲು ಬಂದು?

ಒಂದು ಹೊಸ ವಿಷಯ ಗೊತ್ತಾಯಿತು. ಒಡತಿಯ ಜೊತೆ ಕೂತು ಬಟ್ಟೆ ಮಡಚಿಕೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಕೈಗೆ ಕೆಲಸ ಸಿಕ್ಕಾಗ ಅವಳ ಬಾಯಿ ಬಿಚ್ಚುತ್ತದೆ. ಅಣ್ಣನ ಕೋಣೆಯಿಂದ ಕೊನೆಯ ಕೆಲವು ವಾರ ಇಬ್ಬರ ದನಿ ಕೇಳುತ್ತಿತ್ತಂತೆ. ಇಬ್ಬರೂ ನಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು, ಒಬ್ಬ ತುಂಬ ನಗುತ್ತಿದ್ದ. ನಗುತ್ತಿದ್ದವನು ಅಣ್ಣನೇ ಇರಬೇಕು. ಕೋಣೆಯಲ್ಲಿ ಇನ್ನೊಬ್ಬನನ್ನು ಇಟ್ಟುಕೊಳ್ಳಬಾರದೆಂಬ ನಿಯಮವಿದ್ದರೂ ಯಂತ್ರ ರಿಪೇರಿಯ ಮುಲಾಜಿಗೆ ಅವಳು ಸುಮ್ಮನಿದ್ದಳು. ಒಂದೇ ದಿನ ಇಬ್ಬರ ಸದ್ದೂ ನಿಂತಿತು. ಅಣ್ಣನ ಕ್ಷೌರದ ಕತ್ತಿ, ಸೋಪಿನ ಡಬ್ಬಿ, ಒಗೆದು ಹಾಕಿದ್ದ ಎರಡು ಅಂಗಿ ಕೋಣೆಯಲ್ಲೇ ಉಳಿದಿದ್ದವು. ಮನೆಗೆ ಹೊರಟವನು ಅಂಗಿ ಬಿಟ್ಟು ಹೋಗುತ್ತಾನೆಯೇ? ಅದೂ ನೀವು ಹೊಲಿದ ಅಂಗಿ?

ಈ ಎರಡನೆಯವನ ಬಗ್ಗೆ ಅಣ್ಣ ನಿಮಗೇನಾದರೂ ಬರೆದಿದ್ದನೇ?

ನಿಮ್ಮ ಪುಟ್ಟಿ

ಮಾರ್ಚ್ 13

ಪ್ರೀತಿಯ ಪುಟ್ಟಿ,

ಬರೆದಿದ್ದರು. ನಾನು ನಿನಗೆ ಹೇಳಿರಲಿಲ್ಲ.

ನಮ್ಮ ಕಡೆಯವನೊಬ್ಬ ಸಿಕ್ಕಿದ್ದಾನೆ, ಊರು ನೋಡದೆ ಬಹಳ ವರ್ಷಗಳಾಗಿವೆ, ಒಂದು ಕಡೆ ಜೀತದಂತೆ ದುಡಿಸಿಕೊಳ್ಳುತ್ತಿದ್ದರು, ತಪ್ಪಿಸಿಕೊಂಡು ಬಂದಿದ್ದಾನೆ, ನನ್ನ ಹಾಸಿಗೆಯಲ್ಲಿ ಅರ್ಧ ಕೊಟ್ಟಿದ್ದೇನೆ ಎಂದು ಬರೆದಿದ್ದರು. ನನಗೆ ರೇಗಿತು. ಗೊತ್ತಿಲ್ಲದ ದೇಶದಲ್ಲಿ ಗೊತ್ತಿಲ್ಲದವನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ನಿಮಗೆ ಬುದ್ಧಿ ನೆಟ್ಟಗಿದೆಯೇ ಎಂದು ಖಾರವಾಗಿಯೇ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ನನ್ನ ಕಾಗದಕ್ಕೆ ಸಿಟ್ಟಾಗಿ ಮನೆಗೆ ಬಾರದೆ ಉಳಿದರು ಎಂದೇ ಈವರೆಗೆ ನಂಬಿದ್ದೆ. ನಿನಗೆ ಯಾವ ಮುಖದಿಂದ ಹೇಳಲಿ?

ನಿನ್ನ ಕಾಗದ ಬಂದಾಗ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುವುದು ವಾಡಿಕೆ. ಮಹಡಿಯವರು ಬಾಡಿಗೆ ಕೊಡಲು ಇಳಿದಿದ್ದರು, ಅವರೂ ಕೂತರು. ಇಬ್ಬರ ದನಿ ಕೇಳುತ್ತಿತ್ತು ಎನ್ನುವ ಜಾಗಕ್ಕೆ ಬಂದಾಗ ಅವರ ಕೈಯಲ್ಲಿದ್ದ ಲೋಟ ಬಾಯಿಯವರೆಗೆ ಹೋಗದೆ ನಿಂತಿತು. ನಮ್ಮ ದುಃಖಕ್ಕೆ ಮರುಗುತ್ತಿದ್ದಾರೆ ಎಂದುಕೊಂಡೆ. ಲೋಟ ಕೆಳಗಿಟ್ಟು, “ಆಸ್ಪತ್ರೆಗಳಲ್ಲಿ ಒಂದ್ಸಲ ನೋಡೋಕೆ ಹೇಳಿ. ಕಾಲುವೆ ಪಕ್ಕ ಹಳೇದೊಂದು ದೊಡ್ಡಾಸ್ಪತ್ರೆ ಇರುತ್ತೆ” ಎಂದರು. ಆಮೇಲೆ ಊಟಕ್ಕೂ ಇಳಿಯಲಿಲ್ಲ.

ನೋಡು, ಸಂಬಂಧವಿಲ್ಲದವರು ಕೂಡ ಎಷ್ಟು ಯೋಚಿಸುತ್ತಾರೆ. ಆಸ್ಪತ್ರೆಗೆ ಹೋಗಿ ಬಾ.

ನಿನ್ನ ಅತ್ತಿಗೆ

ಮಾರ್ಚ್ 22, ತಂತಿ

ಈ ಊರಲ್ಲಿ ಕಾಲುವೆ ಇದೆಯೆಂದು ನಾನು ಯಾವತ್ತೂ ಬರೆದಿಲ್ಲ. ಮಹಡಿಯವರು ಯಾರು? ಹುಷಾರಾಗಿರಿ. ಆಸ್ಪತ್ರೆಗೆ ಹೋಗುತ್ತಿದ್ದೇನೆ. ಪುಟ್ಟಿ.

ಮಾರ್ಚ್ 23

ಪುಟ್ಟಿ,

ನಿನ್ನ ತಂತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಹೆದರಿಕೆಯಾಗಲಿಲ್ಲ. ಹತ್ತುವಾಗ ನನ್ನ ಮೇಲೇ ನಾಚಿಕೆಯಾಗುತ್ತಿತ್ತು.

ಅವನು ಕಿಟಕಿಯ ಬಳಿ ಅಂಗಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದ. ತಂತಿಯನ್ನು ಅವನ ಮುಂದೆ ಹಿಡಿದೆ. ಓದಿದ, ಮಡಚಿ ನನಗೇ ಕೊಟ್ಟ.

“ಹೇಳ್ಬೇಕು ಅಂತಾನೇ ಬಂದಿದ್ದೆ ಅಕ್ಕ. ಬಾಗಿಲಲ್ಲಿ ಬಾಡಿಗೆಗಿದೆ ಅಂತ ಬೋರ್ಡಿತ್ತು. ನೀವು ಕೋಣೆ ನೋಡೋಕೆ ಬಂದ್ರಾ ಅಂತ ಕೇಳಿದ್ರಿ. ಹೂಂ ಅಂದ್ಬಿಟ್ಟೆ. ಆಮೇಲೆ ದಿನಾ ನಾಳೆ ಹೇಳೋಣ, ನಾಳೆ ಹೇಳೋಣ ಅಂತ...”

ಅಲ್ಲಿ ಹಡಗು, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯೊಂದಿದೆಯಂತೆ. ಪರದೇಶದಿಂದ ಬಂದ ಆಳುಗಳ ಪಾಸ್‌ಪೋರ್ಟು ಕಿತ್ತಿಟ್ಟುಕೊಂಡು ದುಡಿಸುತ್ತಾರೆ. ಇವನು ತನ್ನದನ್ನು ಮೇಜಿನಿಂದ ಎತ್ತಿಕೊಂಡು ಓಡಿಬಂದವನು. ಬಂದರಿನಲ್ಲಿ ಆ ಹೆಸರಿನವನನ್ನು ಹಿಡಿಯಲು ಹೇಳಿಟ್ಟಿದ್ದರಿಂದ ಹಡಗು ಹತ್ತುವಂತಿರಲಿಲ್ಲ. ಒಂದು ಸಂಜೆ ನಿಮ್ಮಣ್ಣನೂ ಇವನೂ ಕಾಲುವೆಯ ದಡದಲ್ಲಿ ಬರುವಾಗ ಕಾರ್ಖಾನೆಯ ಕಾವಲಿನವರು ಕಂಡರು. ಇಬ್ಬರೂ ಓಡಿದರು. ನಿಮ್ಮಣ್ಣ ಓಡಬೇಕಾಗಿಯೇ ಇರಲಿಲ್ಲ ಪುಟ್ಟಿ. ಜೊತೆಯವನು ಓಡಿದ ಎಂದು ತಾವೂ ಓಡಿದ್ದಾರೆ. ಕಲ್ಲಿನ ಮೆಟ್ಟಿಲಲ್ಲಿ ಜಾರಿ ತಲೆಗೆ ಪೆಟ್ಟು ಬಿತ್ತು. ಆಸ್ಪತ್ರೆಯ ಡಾಕ್ಟರು ಬೆಳಗಿನವರೆಗೂ ಉಳಿಯುವುದಿಲ್ಲ ಎಂದರಂತೆ. ಹೆಸರು ಕೇಳಿದಾಗ ಇವನು ತನ್ನ ಪಾಸ್‌ಪೋರ್ಟು ಕೊಟ್ಟ, ಅವರದ್ದನ್ನು ಜೇಬಿಗಿಳಿಸಿದ. ಮಸುಕು ಫೋಟೋ, ಇಬ್ಬರಿಗೂ ಗಡ್ಡ. ಯಾರೂ ಎರಡನೆಯ ಸಲ ನೋಡಲಿಲ್ಲ.

“ಸತ್ತೋಗೋರಿಗೆ ಪಾಸ್‌ಪೋರ್ಟ್ ಯಾಕೆ ಅಂದ್ಕೊಂಡೆ” ಎಂದ.

ನಾನು ಕೆಳಗೆ ಬಂದು ಯಂತ್ರದ ಮುಂದೆ ಕೂತೆ. ಕಾಲು ತಂತಾನೇ ತುಳಿಯುತ್ತಿತ್ತು, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನಿನ್ನಣ್ಣನನ್ನು ಯಾವ ಹೆಸರಿನಲ್ಲಿ ಮಣ್ಣು ಮಾಡಿದ್ದಾರೆ ಎಂದು ನಿನಗೆ ಈಗ ಗೊತ್ತು. ಆ ಜಾಗ ಹುಡುಕಿ, ಒಂದು ಹಿಡಿ ಮಣ್ಣು ತಂದುಬಿಡು. ನಾವು ಹುಡುಕಿದ್ದು ಸಾಕು.

ಅತ್ತಿಗೆ

ಮಾರ್ಚ್ 24

ಅತ್ತಿಗೆ,

ಬೆಳಿಗ್ಗೆ ಕಳಿಸಿದ ತಂತಿ ಸಿಕ್ಕಿರಬೇಕು. ಅಣ್ಣ ಬದುಕಿದ್ದಾನೆ. ಮತ್ತೊಮ್ಮೆ ಬರೆಯುತ್ತೇನೆ, ನನಗೇ ನಂಬಿಕೆ ಬರಲಿ ಎಂದು. ಅಣ್ಣ ಬದುಕಿದ್ದಾನೆ.

ಕಾಲುವೆ ಪಕ್ಕದ ಆಸ್ಪತ್ರೆಯಲ್ಲಿ ಅಣ್ಣನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಫೋಟೋ ತೋರಿಸಿದೊಡನೆ ಒಬ್ಬಳು ನರ್ಸು ಬೇರೆ ಯಾವುದೋ ಹೆಸರು ಹೇಳಿ ನಕ್ಕಳು. ಸಾಯುತ್ತಾನೆಂದು ನಾವು ಗೋಡೆಯ ಕಡೆ ಮಲಗಿಸಿದವನು ಮೂರನೆಯ ದಿನ ನೀರು ಕೇಳಿದ ಎಂದಳು. ಕೇಳಿದ ಎಂದರೆ ಕೈಸನ್ನೆಯಿಂದ. ಮಾತು ಹೋಗಿತ್ತು. ಜನವರಿಯಲ್ಲಿ ಎದ್ದು ಓಡಾಡುವಂತಾದಾಗ, ಪಾಸ್‌ಪೋರ್ಟಿನ ಹೆಸರು ಹಿಡಿದು, ಇವನು ನಮ್ಮ ಆಳು ಎಂದು ಬಟ್ಟೆ ಒಗೆಯುವ ಕಾರ್ಖಾನೆಯವರು ಬಂದು ಕರೆದೊಯ್ದರು.

ಕಾರ್ಖಾನೆ ಊರ ಹೊರಗಿದೆ. ಒಳಗೆ ಹಬೆ ಕವಿದು ಮುಂದಿರುವವರ ಮುಖ ಕಾಣುವುದಿಲ್ಲ. ದೊಡ್ಡ ಉರುಳೆಗಳ ನಡುವಿನಿಂದ ಬಿಳಿಯ ಹಾಸಿಗೆ ಬಟ್ಟೆಗಳು ಒಂದೇ ಸಮನೆ ಹೊರಬರುತ್ತವೆ. ಇಬ್ಬರಿಬ್ಬರು ತುದಿ ಹಿಡಿದು ಮಡಚುತ್ತಾರೆ. ಒಂದು ಬಟ್ಟೆ ಇಳಿದಾಗ ಅದರ ಹಿಂದೆ ಅಣ್ಣನ ಮುಖ ಇತ್ತು. ತಲೆ ಬೋಳಿಸಿದ್ದರು, ಕಿವಿಯ ಮೇಲೆ ಗಾಯದ ಗುರುತು. ನನ್ನನ್ನು ನೋಡಿ ಬಟ್ಟೆಯನ್ನು ಕೆಳಗೆ ಬಿಟ್ಟ. ಬಾಯಿ ತೆರೆದ, ಏನೂ ಬರಲಿಲ್ಲ. ಆಮೇಲೆ ಎಡಗೈಯಿಂದ ನನ್ನ ಜಡೆ ಹಿಡಿದು ಎಳೆದ. ಅತ್ತಿಗೆ, ನಾನು ಹತ್ತು ವರ್ಷದವಳಾಗಿದ್ದಾಗ ಎಳೆಯುತ್ತಿದ್ದ ಹಾಗೆಯೇ.

ಆದರೆ ಕರೆದುಕೊಂಡು ಬರಲು ಬಿಡಲಿಲ್ಲ. ಮೇನೇಜರನ ಕೈಯಲ್ಲಿ ಪಾಸ್‌ಪೋರ್ಟಿದೆ, ಅದರಲ್ಲಿರುವ ಹೆಸರು ಬೇರೆ. ನೀನು ತಂಗಿ ಎಂಬುದಕ್ಕೆ ಏನು ಸಾಕ್ಷಿ, ಇವನಿಗೇ ತನ್ನ ಹೆಸರು ಹೇಳಲು ಬರುವುದಿಲ್ಲ ಎನ್ನುತ್ತಾನೆ. ನಮ್ಮ ರಾಯಭಾರ ಕಚೇರಿಯ ಅಧಿಕಾರಿ ಸಜ್ಜನ, ಆದರೆ ಅವರದ್ದೂ ಒಂದೇ ಮಾತು. ಆ ಹೆಸರಿನ ನಿಜವಾದ ಮನುಷ್ಯ ಪೊಲೀಸರ ಮುಂದೆ ಬಂದು ‘ಅದು ನಾನು’ ಎಂದರೆ ಎಲ್ಲ ಬಿಡಿಸಬಹುದಂತೆ. ಹಾಗೆ ಹೇಳಿದವನಿಗೆ ಸುಳ್ಳು ಪಾಸ್‌ಪೋರ್ಟಿನಲ್ಲಿ ಬಂದದ್ದಕ್ಕೆ ಜೈಲು ತಪ್ಪುವುದಿಲ್ಲವಂತೆ.

ನಿಮ್ಮ ಮಹಡಿಯವನೇ ಆ ಮನುಷ್ಯ ಎಂದು ನನಗೆ ಅನುಮಾನವಿಲ್ಲ. ಪೊಲೀಸರನ್ನು ಕರೆಸಿ. ತಡ ಮಾಡಬೇಡಿ.

ಪುಟ್ಟಿ

ಏಪ್ರಿಲ್ 4

ಪ್ರೀತಿಯ ಪುಟ್ಟಿ,

ಎರಡನೆಯ ತಂತಿ ಬಂದಾಗ ಏನಾಯಿತೆಂದು ಹೇಳುತ್ತೇನೆ. ಒಳಗೆ ಅಮ್ಮ ಇದ್ದರು. ನಾನು ಓಡಿದ್ದು ಮಹಡಿಗೆ. ಅದು ಯಾಕೆ ಎಂದು ಆಮೇಲೆ ಬಹಳ ಯೋಚಿಸಿದೆ. ನಿನ್ನಣ್ಣ ಸತ್ತರೆಂಬ ಸುದ್ದಿಯನ್ನು ಹೊತ್ತವರು ಈ ಮನೆಯಲ್ಲಿ ನಾವಿಬ್ಬರೇ ಆಗಿದ್ದೆವು. ಇಳಿಸಿಕೊಳ್ಳುವಾಗಲೂ ಅವನೇ ನೆನಪಾದ.

“ಬದುಕಿದ್ದಾರೆ” ಎಂದೆ. ಅವನು ಹಾಗೇ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕೆಳಗೆ ಬಂದು ಅಮ್ಮನ ಕಾಲ ಬಳಿ ಕೂತ. ಏನೂ ತಿಳಿಯದ ಅಮ್ಮ ಅವನ ತಲೆ ಸವರಿ, ಊಟ ಆಯಿತೇ ಎಂದು ಕೇಳಿದರು.

ಮೊನ್ನೆ ನಿನ್ನ ಕಾಗದ ಬಂತು. ಪೊಲೀಸರನ್ನು ಕರೆಸಿ ಎಂದು ನೀನು ಬರೆದಿದ್ದೆ. ನಾನು ಕರೆಸಲಿಲ್ಲ. ಕಾಗದವನ್ನೇ ಅವನ ಕೈಗೆ ಕೊಟ್ಟೆ. ಎರಡು ಸಲ ಓದಿದ. ನಾನು ಹೇಳಿದ್ದು ಇಷ್ಟೇ: “ನಾನು ಎಳ್ಕೊಂಡು ಹೋಗಲ್ಲ. ನೀನೇ ಹೋಗ್ಬೇಕು. ನೀನಾಗಿ ಹೇಳಿದ್ರೆ ಅದಕ್ಕೊಂದು ತೂಕ ಇರುತ್ತೆ.” ಅವನು ತಲೆಯಾಡಿಸಿದ.

ಬೆಳಿಗ್ಗೆ ನೋಡಿದರೆ ಕೋಣೆ ಖಾಲಿ. ಹಾಸಿಗೆ ಸುತ್ತಿಟ್ಟಿದೆ, ಚೀಲ ಇಲ್ಲ, ಮೊಳೆಗೆ ತೂಗುತ್ತಿದ್ದ ಅಂಗಿ ಇಲ್ಲ. ರಟ್ಟಿನ ಪೆಟ್ಟಿಗೆಯವರಿಗೂ ಹೇಳಿಲ್ಲ.

ನನ್ನ ದೊಡ್ಡತನಕ್ಕೆ ಬೆಂಕಿ ಬೀಳಲಿ. ನಿನ್ನಣ್ಣನ ಬಿಡುಗಡೆಯನ್ನು ಕೈಯಾರೆ ಬಾಗಿಲು ತೆರೆದು ಕಳಿಸಿಬಿಟ್ಟೆ. ಈಗ ಠಾಣೆಗೆ ಹೊರಟಿದ್ದೇನೆ, ಹೋದವನನ್ನು ಹುಡುಕಿಕೊಡಿ ಎಂದು ಕೇಳಲು. ಎಷ್ಟು ಸಲ ಎಷ್ಟು ಜನರನ್ನು ಹುಡುಕಿಕೊಡಿ ಎಂದು ಕೇಳುವುದೋ. ನನ್ನನ್ನು ಕ್ಷಮಿಸಬೇಡ.

ಅತ್ತಿಗೆ

ಏಪ್ರಿಲ್ 10

ಪುಟ್ಟಿ,

ಮಹಡಿಯವರು ಬಂದರು.

ಠಾಣೆಯಲ್ಲಿ ನಾನು ದೂರು ಬರೆಸಿ ಬಂದದ್ದೇ ಬಂತು, ನಾಲ್ಕು ದಿನ ಯಾರೂ ತಿರುಗಿ ನೋಡಲಿಲ್ಲ. ನಿನ್ನೆ ಮಧ್ಯಾಹ್ನ ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದೆ, ಬಾಗಿಲಲ್ಲಿ ನೆರಳು ಬಿತ್ತು. ಗಡ್ಡ ತೆಗೆಸಿದ್ದರು. ಚೀಲ ಕೆಳಗಿಟ್ಟು, “ಊರಿಗೋಗಿ ನಮ್ಮಮ್ಮನ್ನ ನೋಡ್ಕೊಂಡು ಬಂದೆ ಅಕ್ಕ. ಜೈಲಿಂದ ಬಂದ್ಮೇಲೆ ಇರ್ತಾಳೋ ಇಲ್ವೋ” ಎಂದರು. ಮಗ ಇನ್ನೂ ಪರದೇಶದಲ್ಲೇ ಇದ್ದಾನೆ ಎಂದುಕೊಂಡಿದ್ದ ಮುದುಕಿಯಂತೆ. ಬೇರೆಯವರ ಹೆಸರಿನಲ್ಲಿ ಇಳಿದವನು ಸ್ವಂತ ಮನೆಯ ಬಾಗಿಲು ತಟ್ಟಲು ಹೆದರಿ ಇಷ್ಟು ದಿನ ನಮ್ಮ ಮಹಡಿಯಲ್ಲಿ ಕೂತಿದ್ದರು. ಆಕೆ ಏನಂದರು ಎಂದು ಕೇಳಿದೆ. ಇಷ್ಟು ತೆಳ್ಳಗಾಗಿದ್ದೀಯಲ್ಲ ಎಂದಳು, ಬೇರೇನೂ ಕೇಳಲಿಲ್ಲ ಎಂದರು.

ಇಬ್ಬರೂ ನಡೆದುಕೊಂಡೇ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ನನ್ನ ದೂರಿನ ಕಾಗದ ತೆಗೆದು, ಕಾಣೆಯಾದವನು ಇವನೇನಾ ಎಂದು ಕೇಳಿದರು. ನಾನು ಹೌದು ಎನ್ನುವಷ್ಟರಲ್ಲಿ ಅವರೇ, “ಅಲ್ಲ ಸಾರ್. ಕಾಣೆಯಾದವ್ರು ಇವ್ರ ಯಜಮಾನ್ರು. ಅವ್ರ ಹೆಸ್ರಲ್ಲಿ ಬಂದೋನು ನಾನು” ಎಂದು ತಮ್ಮ ಹೆಸರು ಹೇಳಿದರು. ಮೂರು ತಿಂಗಳು ನಮ್ಮ ಮನೆಯಲ್ಲಿದ್ದವರು ಮೊದಲ ಸಲ ನಿಜವಾದ ಹೆಸರು ಹೇಳಿದ್ದು ಅದು. ಹೇಳಿಕೆ ಬರೆದುಕೊಂಡರು. ರಾಯಭಾರ ಕಚೇರಿಗೆ ತಂತಿ ಹೋಗಿದೆ. ಅವರನ್ನು ಒಳಗೆ ಹಾಕಿದ್ದಾರೆ.

ಇನ್ನೊಂದು ಮಾತು. ನಿನ್ನಣ್ಣನಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಈ ಮೂರು ತಿಂಗಳು ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಅಮ್ಮನಂತೆ ನನಗೂ ಜೀವ ಬರುತ್ತಿತ್ತು. ಅದು ನಿನ್ನಣ್ಣನ ಹೆಜ್ಜೆಯಲ್ಲ ಎಂದು ಗೊತ್ತಿದ್ದೂ ಬರುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಇಲ್ಲ, ಕಡಿಮೆಯೂ ಇಲ್ಲ. ಈಗ ಮೇಲಿನ ಕೋಣೆ ಗುಡಿಸುವಾಗ ಬೇಸರವಾಗುತ್ತದೆ, ಕೋಪವೂ ಬರುತ್ತದೆ. ಎರಡನ್ನೂ ಒಟ್ಟಿಗೆ ಎಲ್ಲಿಡುವುದೆಂದು ತಿಳಿಯದು.

ನಿನ್ನ ಅತ್ತಿಗೆ

ಮೇ 6, ನಡುದಾರಿಯ ಬಂದರಿನಿಂದ

ಅತ್ತಿಗೆಗೆ ನಮಸ್ಕಾರಗಳು.

ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳಲು ನಿಂತಿದೆ. ಈ ಕಾಗದ ವಿಮಾನದಲ್ಲಿ ನಮಗಿಂತ ಮೊದಲು ಬರುತ್ತದೆ ಎಂದಿದ್ದಾರೆ.

ಮೇನೇಜರು ಪಾಸ್‌ಪೋರ್ಟು ಮರಳಿಸುವಾಗ ನಮ್ಮ ಅಧಿಕಾರಿಯ ಮುಖ ನೋಡಲಿಲ್ಲ. ಅಲ್ಲಿ ಹಾಗೆಯೇ ಸಿಕ್ಕಿಬಿದ್ದ ಉಳಿದವರ ಪಾಸ್‌ಪೋರ್ಟುಗಳನ್ನೂ ತೋರಿಸಿ ಎಂದು ಅಧಿಕಾರಿ ಅಲ್ಲೇ ಕೂತುಬಿಟ್ಟರು. ಅದರ ಕಥೆ ಬಂದು ಹೇಳುತ್ತೇನೆ.

ಅಣ್ಣ ಡೆಕ್ಕಿನ ಮೇಲೆ ಬಿಸಿಲಿಗೆ ಕೂತಿದ್ದಾನೆ. ಮಾತು ಒಂದೊಂದೇ ಬರುತ್ತಿದೆ. ಮೊದಲು ಬಂದದ್ದು ‘ಎಣ್ಣೆ’. ಬಾಗಿಲ ಕೀಲು ಕಿರುಗುಟ್ಟಿತ್ತು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಸಣ್ಣ ತಿರುಪು ಹಿಡಿಯಲಾರ. ಮೊದಲಿನ ಅಣ್ಣನೇ ಇಳಿದು ಬರುತ್ತಾನೆ ಎಂದು ನಾನು ಬರೆಯಲಾರೆ.

ಮಹಡಿಯವನ ಬಗ್ಗೆ ನಾನು ಕಟುವಾಗಿಯೇ ಹೇಳಿದೆ. ನಿನ್ನನ್ನು ಸಾಯಲು ಬಿಟ್ಟು ನಿನ್ನ ಹೆಸರು ಹೊತ್ತುಕೊಂಡು ಹೋದ ಎಂದೆ. ಅಣ್ಣ ತಲೆಯಾಡಿಸಿದ. ಬಹಳ ಹೊತ್ತು ಹುಡುಕಾಡಿ, ತನ್ನ ಭುಜ ತಟ್ಟಿಕೊಂಡು, “ಹೊತ್ಕೊಂಡ” ಎಂದ. ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಅಟ್ಟಿಸಿಕೊಂಡು ಬಂದವರು ಹಿಂದೆಯೇ ಇದ್ದರು. ಒಬ್ಬನೇ ಓಡಿದ್ದರೆ ಅವನು ತಪ್ಪಿಸಿಕೊಳ್ಳುತ್ತಿದ್ದ. ತಿರುಗಿ ಬಂದು ಅಣ್ಣನನ್ನು ಭುಜದ ಮೇಲೆ ಹಾಕಿಕೊಂಡು ಗಲ್ಲಿಗಳಲ್ಲಿ ನುಸುಳಿ ಆಸ್ಪತ್ರೆಯವರೆಗೆ ನಡೆದಿದ್ದಾನೆ, ದಾರಿಯುದ್ದಕ್ಕೂ ಅಳುತ್ತ. ಅಣ್ಣನಿಗೆ ಅಷ್ಟು ಮಾತ್ರ ನೆನಪಿದೆ. ಇದನ್ನು ಅವನು ನಿಮಗೆ ಹೇಳಲಿಲ್ಲ, ಅಲ್ಲವೇ? ಪಾಸ್‌ಪೋರ್ಟು ಕದ್ದದ್ದನ್ನು ಹೇಳಿದವನು ಇದನ್ನು ಹೇಳಲಿಲ್ಲ.

ಅವನು ಈಗ ಎಲ್ಲಿ ಎಂದು ಅಣ್ಣ ಸನ್ನೆಯಲ್ಲೇ ಕೇಳಿದ. ಲಾಕಪ್ಪಿನಲ್ಲಿ ಎಂದೆ. ಬಂದರಿನಿಂದ ಮೊದಲು ಮನೆಗೆ, ಅಮ್ಮನನ್ನು ನೋಡಿ, ಉಂಡು, ಆಮೇಲೆ ನೋಡೋಣ ಎಂದು ಸಮಾಧಾನ ಮಾಡಿದೆ. ಆಗ ಆರು ತಿಂಗಳಲ್ಲಿ ಮೊದಲ ಬಾರಿಗೆ ಪೂರ್ತಿ ಮಾತಾಡಿದ:

“ಮೊದಲು ಅಲ್ಲಿಗೆ. ಅವಳೂ ಬರಲಿ.”

ಹಾಗಾಗಿ ಅತ್ತಿಗೆ, ನಮಗಾಗಿ ಮನೆಯಲ್ಲಿ ಕಾಯಬೇಡಿ. ಬಂದರಿಗೇ ಬನ್ನಿ. ಹೋಗುವ ಕಡೆ ಊಟ ಸಿಗುವುದಿಲ್ಲ, ನಾಲ್ಕು ಜನಕ್ಕಾಗುವಷ್ಟು ಬುತ್ತಿ ಕಟ್ಟಿಕೊಂಡು ಬನ್ನಿ.

ನಿಮ್ಮ ಪುಟ್ಟಿ